ಗಾಳಿಗೂಡಿನ ಗೋಡೆಯೊಳಗಿನ ಕೆಲಸಗಾರರು

ಶ್ವಾಸಕೋಶ ಕಲೆಗಟ್ಟಿ ಗಡಸಾಗುವ ಪಲ್ಮನರಿ ಫೈಬ್ರೋಸಿಸ್ ಎಂಬ ಕಾಯಿಲೆ ಇರುವವರ ಬೆನ್ನಿನ ಕೆಳಭಾಗಕ್ಕೆ ವೈದ್ಯರು ಸ್ಟೆತಾಸ್ಕೋಪ್ ಇಟ್ಟು ಉಸಿರೆಳೆದುಕೊಳ್ಳಲು ಹೇಳಿದಾಗ, ವೆಲ್ಕ್ರೋ ಪಟ್ಟಿಯನ್ನು ಮೆಲ್ಲಗೆ ಬಿಡಿಸಿದಂತಹ ಚರಚರ ಸದ್ದು ಕೇಳಿಸುತ್ತದೆ. ಶ್ವಾಸಕೋಶವನ್ನು ಹೀಗೆ ಗಡಸು ಮಾಡುವ ಜೀವಕೋಶಗಳು ಉಸಿರಿನ ಗಾಳಿ ತುಂಬಿಕೊಳ್ಳುವ ಪುಟ್ಟ ಚೀಲಗಳಾದ ಗಾಳಿಗೂಡುಗಳ ನಡುವಿನ ಗೋಡೆಯಲ್ಲೇ ಇವೆ ಎಂಬುದು ವೈದ್ಯಲೋಕಕ್ಕೆ ಮನದಟ್ಟಾಗಲು ಬಹಳ ಕಾಲ ಹಿಡಿಯಿತು.

ಉಸಿರಾಟದ ತೊಂದರೆಯಿಂದ ಕೆಲವೇ ತಿಂಗಳಲ್ಲಿ ತೀರಿಕೊಂಡ ರೋಗಿಗಳಲ್ಲಿ ಈ ಗೋಡೆ ದಪ್ಪಗಟ್ಟಿದ್ದನ್ನು ಬಾಲ್ಟಿಮೋರಿನ ಲೂಯಿ ಹ್ಯಾಮನ್ ಮತ್ತು ಆರ್ನಾಲ್ಡ್ ರಿಚ್ 1935ರಲ್ಲಿ ವರದಿ ಮಾಡಿ, 1944ರಲ್ಲಿ ವಿವರವಾಗಿ ಬರೆದರು. ಮೊದಲು ಉರಿಯೂತ, ಆಮೇಲೆ ಕಲೆಗಟ್ಟುವಿಕೆ ಎಂಬ ತಿಳಿವಳಿಕೆ ಮುಂದೆ ಬೇರೂರಿದ್ದರಿಂದ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಕೊಡುವುದೇ ರೂಢಿಯಾಯಿತು.

ಆ ಗೋಡೆಯಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಗೆ ಉತ್ತರದ ಎಳೆ ಸಿಕ್ಕಿದ್ದು ಶ್ವಾಸಕೋಶದಿಂದಲ್ಲ, ಮಾಯುತ್ತಿರುವ ಗಾಯದಿಂದ. ಗಾಯವನ್ನು ಸೆಳೆದು ಕೂಡಿಸುವ, ಅರೆ ಸ್ನಾಯುವಿನಂತಿರುವ ಜೀವಕೋಶಗಳನ್ನು ಜೂಲಿಯೋ ಗಬ್ಬಿಯಾನಿ ಮತ್ತು ಸಂಗಡಿಗರು 1971ರಲ್ಲಿ ವರ್ಣಿಸಿದರು. ಮಯೋಫೈಬ್ರೋಬ್ಲಾಸ್ಟ್ ಎಂಬುದು ಅವುಗಳ ಹೆಸರು. ಗಾಳಿಗೂಡಿನ ಗೋಡೆಯಲ್ಲೂ ಹಾಗೆ ಕುಗ್ಗಬಲ್ಲ ಜೀವಕೋಶಗಳಿವೆ ಎಂದು 1974ರಲ್ಲಿ ಗೊತ್ತಾಯಿತು. ಅಲ್ಲೇ ಮೈತುಂಬ ಕೊಬ್ಬಿನ ಹನಿಗಳನ್ನು ಹೊತ್ತ ಇನ್ನೊಂದು ಬಗೆಯೂ ಇದೆ. ಗಾಳಿಗೂಡು ಮುದುರಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟಂಟ್ ತಯಾರಾಗುವುದು ಗಾಳಿಗೂಡಿನ ಒಳಮೈಯಲ್ಲಿರುವ ಟೈಪ್ 2 ಜೀವಕೋಶಗಳಲ್ಲಿ. ಅದಕ್ಕೆ ಬೇಕಾದ ಕೊಬ್ಬನ್ನು ಒದಗಿಸುವುದು ಈ ಲಿಪೋಫೈಬ್ರೋಬ್ಲಾಸ್ಟ್‌ಗಳು.

ಗಾಯ ಮಾದ ಮೇಲೆ ಮಯೋಫೈಬ್ರೋಬ್ಲಾಸ್ಟ್‌ಗಳು ಸಾಮಾನ್ಯವಾಗಿ ಸಾಯುತ್ತವೆ. ಫೈಬ್ರೋಸಿಸ್‌ನಲ್ಲಿ ಅವು ಉಳಿದುಕೊಂಡು ಕಲೆ ಕಟ್ಟುವ ನಾರಿನಂಥ ಪ್ರೋಟೀನ್ ಕೊಲ್ಲಾಜೆನ್ ಸುರಿಯುತ್ತಲೇ ಹೋಗುತ್ತವೆ. ಗೋಡೆ ಬಿಗಿದಷ್ಟೂ ಅದರಲ್ಲಿ ಹುದುಗಿರುವ ಟಿಜಿಎಫ್-ಬೀಟಾ ಎಂಬ ಸಂಕೇತ ಬಿಡುಗಡೆಯಾಗಿ, ನಾರಿನ ಎಳೆ ನೇಯುವ ಪಕ್ಕದ ಸಾಮಾನ್ಯ ಜೀವಕೋಶಗಳಾದ ಫೈಬ್ರೋಬ್ಲಾಸ್ಟ್‌ಗಳನ್ನೂ ಅದೇ ಕೆಲಸಕ್ಕೆ ಎಳೆದುಕೊಳ್ಳುತ್ತದೆ. ರೋಗ ತನ್ನನ್ನು ತಾನೇ ಸಾಕಿಕೊಳ್ಳುವುದು ಹೀಗೆ.

ಹಳೆಯ ರೂಢಿಗೆ ದೊಡ್ಡ ಪೆಟ್ಟು ಬಿದ್ದದ್ದು 2012ರಲ್ಲಿ. ಕಾರಣ ತಿಳಿಯದ ಫೈಬ್ರೋಸಿಸ್‌ಗೆ ಸ್ಟೀರಾಯ್ಡ್ ಸೇರಿದ ಮೂರು ಔಷಧಗಳನ್ನು ಒಟ್ಟಿಗೆ ಪಡೆದವರಲ್ಲಿ, ಔಷಧವಿಲ್ಲದ ಮಾತ್ರೆ ನುಂಗಿದವರಿಗಿಂತ ಹೆಚ್ಚು ಸಾವು ಕಂಡದ್ದರಿಂದ ಅಮೆರಿಕದ ಪ್ರಯೋಗದಲ್ಲಿ ಆ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಯಿತು. ದಶಕಗಳ ಕಾಲ ನಂಬಿ ಕೊಟ್ಟ ಮದ್ದಿನ ಗತಿ ಇದು! 2014ರಲ್ಲಿ ಅಲ್ಲಿ ಅನುಮತಿ ಪಡೆದ ಪಿರ್ಫೆನಿಡೋನ್ ಮತ್ತು ನಿಂಟೆಡಾನಿಬ್ ಕಲೆಗಟ್ಟುವಿಕೆಯನ್ನು ನಿಧಾನಿಸುತ್ತವೆ, ಆಗಿಹೋದದ್ದನ್ನು ಅಳಿಸುವುದಿಲ್ಲ.

ಹಾಗೆಂದು ಉರಿಯೂತದ ವಾದವನ್ನು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. ಗಾಳಿಗೂಡಿನ ಗೋಡೆಯ ಕಾಯಿಲೆಗಳಿರುವ ಭಾರತದ 1,084 ರೋಗಿಗಳ ನೋಂದಣಿ ಅಧ್ಯಯನವೊಂದು 2017ರಲ್ಲಿ ಪ್ರಕಟವಾದಾಗ, ಅವರಲ್ಲಿ 47.3% ಮಂದಿಗೆ ಇದ್ದದ್ದು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಹಕ್ಕಿಗಳ ಹಿಕ್ಕೆ, ಏರ್ ಕೂಲರ್‌ನ ಬೂಷ್ಟು ಮುಂತಾದವುಗಳಿಂದ ಹುಟ್ಟುವ ಈ ಕಾಯಿಲೆಯಲ್ಲಿ ಉರಿಯೂತ ನಿಜಕ್ಕೂ ಮೊದಲು ಬರುತ್ತದೆ, ಸ್ಟೀರಾಯ್ಡ್‌ಗೆ ಇಂದಿಗೂ ಜಾಗವಿದೆ.