ಬಾನೆಟ್ ಮುಚ್ಚಿದ ಮೇಲೂ ಎಂಜಿನ್‌ಗೆ ಗಾಳಿ ಸಿಗಬೇಕು

ಕಿಟ್ ಕಾರಿಗೆ, ಅಂದರೆ ಬಿಡಿಭಾಗ ತಂದು ತಾವೇ ಜೋಡಿಸುವ ಕಾರಿಗೆ, ಬೈಕ್ ಎಂಜಿನ್ ಕೂರಿಸುವವರು ಏರ್ ಫಿಲ್ಟರ್ ಬಗ್ಗೆ ಯೋಚಿಸೋದು ಹೆಚ್ಚಾಗಿ ಕೊನೆಗೆ. ಎಂಜಿನ್ ಕೂತಾಯಿತು, ಪ್ರೊಪೆಲ್ಲರ್ ಶಾಫ್ಟ್ ಸೇರಿತು, ಎಕ್ಸಾಸ್ಟ್ ಬಂತು, ರೇಡಿಯೇಟರ್‌ಗೆ ನೀರು ತುಂಬಿತು. ಆಮೇಲೆ ಬಾನೆಟ್ ಮುಚ್ಚಲು ಹೋದರೆ ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿಗಳ ಬಾಯಿಗೂ ಬಾನೆಟ್ ತಗಡಿಗೂ ನಡುವೆ ನಾಲ್ಕು ಬೆರಳು ಜಾಗ. ಅಷ್ಟರಲ್ಲಿ ಹಿಡಿಸುವ ಫಿಲ್ಟರ್ ಯಾವುದು ಅಂತ ಹುಡುಕಾಟ ಶುರು. ಹೀಗೆ ಜಾಗ ನೋಡಿ ತಂದ ಫಿಲ್ಟರ್ ಹಾಕಿದ ಕಾರುಗಳೇ ಆಮೇಲೆ ನನ್ನ ಹತ್ತಿರ ಬರುತ್ತವೆ. ದೂರು ಒಂದೇ: ಬಾನೆಟ್ ತೆಗೆದರೆ ಚೆನ್ನಾಗಿ ಓಡುತ್ತೆ, ಮುಚ್ಚಿದರೆ ಮೇಲಿನ ಆರ್‌ಪಿಎಂನಲ್ಲಿ ಎಳೆಯಲ್ಲ.

ಈ ದೂರಿನಲ್ಲೇ ಉತ್ತರವೂ ಇದೆ. ಬೈಕಿನಲ್ಲಿ ಫಿಲ್ಟರ್ ಒಂದು ಏರ್‌ಬಾಕ್ಸ್ ಒಳಗಿತ್ತು. ಆ ಡಬ್ಬದ ಅಳತೆ, ಅದರ ಬಾಯಿ, ಗಾಳಿ ಬರುವ ದಾರಿ ಎಲ್ಲವನ್ನೂ ಎಂಜಿನ್ ಮಾಡಿದವರೇ ಲೆಕ್ಕ ಹಾಕಿದ್ದರು. ನಾವು ಅದನ್ನು ತೆಗೆದು ಪಕ್ಕಕ್ಕಿಟ್ಟೆವು. ಈಗ ಕಾರಿನ ಬಾನೆಟ್ಟೇ ಏರ್‌ಬಾಕ್ಸ್. ಅದಕ್ಕೆ ಗಾಳಿ ಎಲ್ಲಿಂದ ಬರುತ್ತೆ, ಎಷ್ಟು ಬಿಸಿ ಇರುತ್ತೆ ಅಂತ ನೋಡದೆ ಫಿಲ್ಟರ್ ಆರಿಸಿದರೆ ಅದು ಅರ್ಧ ಕೆಲಸವಷ್ಟೇ.

1957ರ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಲೋಟಸ್ ಸೆವೆನ್ ಮಾದರಿಯ ಕಾರುಗಳಲ್ಲಿ ಈ ಕಷ್ಟ ಜಾಸ್ತಿ. ಬಾನೆಟ್ ತೀರಾ ತಗ್ಗು. ಅದರೊಳಗೆ ಬೈಕ್ ಎಂಜಿನ್ 90 ಡಿಗ್ರಿ ತಿರುಗಿ ಕೂರುತ್ತದೆ, ಚೈನ್ ಸ್ಪ್ರಾಕೆಟ್ ಇದ್ದ ಕಡೆ ಹಿಂದಕ್ಕೆ ನೋಡಬೇಕಲ್ಲ. ಹಾಗಾಗಿ ಎಕ್ಸಾಸ್ಟ್ ಒಂದು ಪಕ್ಕ, ಥ್ರಾಟಲ್ ಬಾಡಿಗಳು ಇನ್ನೊಂದು ಪಕ್ಕ. ಇದು ಒಳ್ಳೆಯದೇ. ಆದರೆ ಈಗಿನ ಬೈಕ್ ಎಂಜಿನ್‌ಗಳಲ್ಲಿ ಥ್ರಾಟಲ್ ಬಾಡಿಗಳು ಓರೆಯಾಗಿ ಮೇಲಕ್ಕೆ ಮುಖ ಮಾಡಿರುತ್ತವೆ. ಟ್ಯಾಂಕ್ ಕೆಳಗೆ ಏರ್‌ಬಾಕ್ಸ್‌ಗೆ ಅದೇ ಸರಿ, ತಗ್ಗು ಬಾನೆಟ್ ಕೆಳಗೆ ಮಾತ್ರ ಇಕ್ಕಟ್ಟು.

ಮೊದಲು ಗಾಳಿಯ ಲೆಕ್ಕ. 1,000 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಒಂದು ಲೀಟರ್ ಗಾಳಿ ಎಳೆಯುತ್ತದೆ. 11,000 ಆರ್‌ಪಿಎಂನಲ್ಲಿ ಸಿಲಿಂಡರ್ ಪೂರ್ತಿ ತುಂಬುತ್ತದೆ ಅಂದುಕೊಂಡರೆ ನಿಮಿಷಕ್ಕೆ 5,500 ಲೀಟರ್, ಅಂದರೆ ಸೆಕೆಂಡಿಗೆ ಸುಮಾರು 92 ಲೀಟರ್. ಇಷ್ಟನ್ನು 50 ಮಿ.ಮೀ. ಪೈಪಿನಲ್ಲಿ ತರಲು ಹೋದರೆ ಗಾಳಿ ಸೆಕೆಂಡಿಗೆ ಸುಮಾರು 47 ಮೀಟರ್ ವೇಗದಲ್ಲಿ ಓಡಬೇಕು. ಎರಡು ತಿರುವು ಇದ್ದರೆ ಅಲ್ಲೇ ಉಸಿರು ಕಟ್ಟಿತು. 100 ಮಿ.ಮೀ. ಪೈಪಾದರೆ 12 ಮೀಟರಿಗೂ ಕಡಿಮೆ. ಪೈಪ್ ದೊಡ್ಡದಿದ್ದರೆ ನೋಡಲು ಚೆನ್ನಾಗಿಲ್ಲ ಅನ್ನುವವರಿಗೆ ನಾನು ಈ ಎರಡು ಅಂಕಿ ತೋರಿಸುತ್ತೇನೆ.

ಇನ್ನು ಬಾಯಿಯ ಎದುರಿನ ಜಾಗ. ಬೆಲ್‌ಮೌತ್ (ತುತ್ತೂರಿಯ ಹಾಗೆ ಅಗಲವಾಗುವ ಗಾಳಿಯ ಬಾಯಿ) ಎದುರಿಗೆ ಮುಚ್ಚಿದ ಗೋಡೆ ಇದ್ದರೆ ಗಾಳಿ ಸುತ್ತಲಿಂದ ನುಗ್ಗಿ ಒಳಗೆ ತಿರುಗಬೇಕು. 40 ಮಿ.ಮೀ. ವ್ಯಾಸದ ಬಾಯಿಗೆ ಗೋಡೆ 10 ಮಿ.ಮೀ. ದೂರದಲ್ಲಿದ್ದರೆ ಸುತ್ತಲಿನ ಸಂದಿಯ ವಿಸ್ತೀರ್ಣ, ಬಾಯಿಯ ವಿಸ್ತೀರ್ಣ ಎರಡೂ ಒಂದೇ ಆಗುತ್ತವೆ. ವ್ಯಾಸದ ಕಾಲು ಭಾಗ ಅನ್ನೋದು ಹಾಗಾಗಿ ಕನಿಷ್ಠಕ್ಕಿಂತಲೂ ಕೆಳಗಿನ ಅಳತೆ. ಎಂಜಿನ್ ಒಂದೇ ಸಮ ಎಳೆಯೋದಿಲ್ಲ, ಜಗ್ಗಿ ಜಗ್ಗಿ ಎಳೆಯುತ್ತದೆ. ಅರ್ಧ ವ್ಯಾಸವಾದರೂ ಬಿಡಿ. ಒಂದು ವ್ಯಾಸದಷ್ಟು ಸಿಕ್ಕರೆ ಆ ಚಿಂತೆ ಮರೆತುಬಿಡಬಹುದು. ಎದುರಿನ ಮುಖವೂ ಫಿಲ್ಟರ್ ಬಟ್ಟೆಯೇ ಆಗಿದ್ದು ಅಲ್ಲಿಂದಲೂ ಗಾಳಿ ಬರುವಂತಿದ್ದರೆ ಸ್ವಲ್ಪ ಸಡಿಲ. ಆದರೆ ಆ ಮುಖಕ್ಕೆ ಬಾನೆಟ್ ಅಂಟಿಕೊಂಡಿದ್ದರೆ ಅದೂ ಗೋಡೆಯೇ.

ಬಿಸಿ ಗಾಳಿ ಇನ್ನೂ ದೊಡ್ಡ ವಿಷಯ. ರೇಡಿಯೇಟರ್ ಮೂತಿಯಲ್ಲಿದೆ, ಅದರ ಹಿಂದಿನಿಂದ ಬರುವ ಗಾಳಿ ನೇರ ಎಂಜಿನ್ ಜಾಗಕ್ಕೆ ಬರುತ್ತದೆ. ಹೊರಗೆ 30 ಡಿಗ್ರಿ ಇದ್ದು ಫಿಲ್ಟರ್ ಬಳಿ 60 ಡಿಗ್ರಿ ಆದರೆ ಗಾಳಿಯ ಸಾಂದ್ರತೆ ಸುಮಾರು ಶೇಕಡಾ 9 ಇಳಿಯುತ್ತದೆ. ಪವರ್ ಕೂಡ ಹತ್ತಿರ ಹತ್ತಿರ ಅಷ್ಟೇ ಇಳಿಯುತ್ತದೆ. ಎದುರುಗಾಳಿಯ ಒತ್ತಡದಿಂದ ಪವರ್ ಸಿಗುತ್ತೆ ಅಂತ ಗಾಳಿ ಹಿಡಿಯುವ ದೊಡ್ಡ ಸ್ಕೂಪ್ ಹಾಕುವವರು ಈ ಅಂಕಿಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು: ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಪೂರ್ತಿ ಒತ್ತಡ ಸೇರಿದರೂ ಸಿಗೋದು ವಾತಾವರಣದ ಒತ್ತಡದ ಶೇಕಡಾ ಅರ್ಧ. 200ರಲ್ಲಿ ಶೇಕಡಾ 2ಕ್ಕೂ ಕಡಿಮೆ. ಸ್ಕೂಪ್ ಹಾಕಿ, ಬೇಡ ಅನ್ನೋದಿಲ್ಲ. ಆದರೆ ತಂಪು ಗಾಳಿಗಾಗಿ ಹಾಕಿ. ರೇಡಿಯೇಟರ್ ಪಕ್ಕದಿಂದ ಪೈಪ್ ಎಳೆದರೂ ಸರಿ, ಬಾನೆಟ್ ಪಕ್ಕದಲ್ಲಿ ಕಿಂಡಿ ತೆಗೆದರೂ ಸರಿ. ಫಿಲ್ಟರ್ ಸುತ್ತ ಒಂದು ತಗಡಿನ ತಡೆ ನಿಲ್ಲಿಸಿ, ಅದರ ಮೇಲಂಚಿಗೆ ಸ್ಪಾಂಜ್ ಪಟ್ಟಿ ಅಂಟಿಸಿ. ಬಾನೆಟ್ ಮುಚ್ಚಿದಾಗ ಪಟ್ಟಿ ಒತ್ತಿಕೊಂಡು ಬಿಸಿ ಗಾಳಿಯನ್ನು ಹೊರಗೇ ಇಡುತ್ತದೆ. ಮಳೆ ನೀರು ಹರಿದು ಹೋಗಲು ಅದರ ತಳದಲ್ಲಿ ಒಂದು ತೂತು ಮರೆಯಬೇಡಿ.

ಯಾವ ಫಿಲ್ಟರ್? ಬೆಲ್‌ಮೌತ್‌ಗೆ ಟೋಪಿ ಹಾಗೆ ಹಾಕುವ ಫೋಮ್ ಚೀಲಗಳನ್ನು ನಾನು ಯಾರಿಗೂ ಹೇಳೋದಿಲ್ಲ. ಫೋಮ್ ಹಳೆಯದಾಗಿ ಪುಡಿಯಾದರೆ ಅದು ಹೋಗುವ ದಾರಿ ಒಂದೇ, ಸಿಲಿಂಡರ್ ಒಳಗೆ. ಒಂದೊಂದು ಬಾಯಿಗೆ ಒಂದೊಂದು ಕೋನ್ ಫಿಲ್ಟರ್ ಹಾಕುವುದು ಸುಲಭ, ಆದರೆ ಕಾರ್ಬ್ಯುರೇಟರ್ ಇರುವ ಎಂಜಿನ್‌ನಲ್ಲಿ ಹುಷಾರು. ವ್ಯಾಕ್ಯೂಮ್‌ನಿಂದ ಸ್ಲೈಡ್ ಮೇಲೇಳುವ ಸಿ.ವಿ. ಕಾರ್ಬ್ಯುರೇಟರ್ ಬಾಯಿಯ ಅಂಚನ್ನು ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಸಣ್ಣ ತೂತುಗಳು ಕಾಣುತ್ತವೆ. ಸ್ಲೈಡನ್ನು ಎತ್ತುವ ರಬ್ಬರ್ ಪೊರೆಯಾದ ಡಯಾಫ್ರಾಮ್ ಕೆಳಗೆ ಗಾಳಿ ಹೋಗೋದು ಅಲ್ಲಿಂದಲೇ. ಕೋನ್ ಫಿಲ್ಟರಿನ ರಬ್ಬರ್ ತುಟಿ ಆ ತೂತನ್ನು ಮುಚ್ಚಿದರೆ ಸ್ಲೈಡ್ ಸರಿಯಾಗಿ ಏಳೋದೇ ಇಲ್ಲ. ಪೆಟ್ರೋಲಿನ ಅಳತೆ ನಿರ್ಧರಿಸುವ ಜೆಟ್ ಎಷ್ಟು ಬದಲಾಯಿಸಿದರೂ ಆ ರೋಗ ವಾಸಿಯಾಗಲ್ಲ.

ನನ್ನ ಆಯ್ಕೆ, ನಾಲ್ಕೂ ಬಾಯಿಗೆ ಸೇರಿ ಒಂದೇ ಪ್ಲೇಟ್, ಅದರ ಮೇಲೆ ಒಂದೇ ದೊಡ್ಡ ಫಿಲ್ಟರ್. ನಾಲ್ಕು ಬಾಯಿಗಳ ನಡುವಿನ ಅಂತರ ಎಲ್ಲಾ ಕಡೆ ಒಂದೇ ಇರೋದಿಲ್ಲ, ಎಷ್ಟೋ ಎಂಜಿನ್‌ಗಳಲ್ಲಿ ಮಧ್ಯದ್ದು ಜಾಸ್ತಿ. ರಟ್ಟು ಒತ್ತಿ ಅಚ್ಚು ತೆಗೆದು, ಆಮೇಲೆ ಅಲ್ಯೂಮಿನಿಯಂ ತಗಡು ಕೊರೆಯಿರಿ. ಬೆಲ್‌ಮೌತ್ ಅಂಚು ಪ್ಲೇಟಿನಿಂದ ಸ್ವಲ್ಪ ಮೇಲೆದ್ದಿರಲಿ. ಜಾಗವೇ ಇಲ್ಲದಿದ್ದರೆ ಪ್ಲೇಟಿನ ಮೇಲೆ ಮುಚ್ಚಿದ ಡಬ್ಬ ಕಟ್ಟಿ, ದಪ್ಪ ಪೈಪ್ ಎಳೆದು, ಫಿಲ್ಟರನ್ನು ಮೂತಿಯ ಕಡೆ ಒಯ್ಯಿರಿ. ಕೆಲಸ ಹೆಚ್ಚು, ಫಲವೂ ಹೆಚ್ಚು.

ಫಿಲ್ಟರಿಗೂ ಬಾನೆಟ್‌ಗೂ ಎಷ್ಟು ಜಾಗ ಉಳಿದಿದೆ ಅಂತ ಕಣ್ಣಳತೆಯಲ್ಲಿ ಹೇಳಬೇಡಿ. ಫಿಲ್ಟರ್ ಮೇಲೆ ಮೂರು ನಾಲ್ಕು ಕಡೆ ಮೆತ್ತನೆಯ ಜೇಡಿಯ ಉಂಡೆ ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಾನೆಟ್ ಮುಚ್ಚಿ ತೆಗೆಯಿರಿ. ಚಪ್ಪಟೆಯಾದ ಉಂಡೆಯ ದಪ್ಪವೇ ನಿಮ್ಮ ಜಾಗ. 15 ಮಿ.ಮೀ.ಗಿಂತ ಕಡಿಮೆ ಇದ್ದರೆ ನನಗೆ ಸಮಾಧಾನ ಇಲ್ಲ. ರಬ್ಬರ್ ಮೌಂಟ್ ಮೇಲೆ ಎಂಜಿನ್ ಅಲುಗಾಡುತ್ತದೆ, ವೇಗದಲ್ಲಿ ತೆಳು ಬಾನೆಟ್ ಕೂಡ ಅದುರುತ್ತದೆ.

ನಟ್ಟು ಬೋಲ್ಟಿನ ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಫಿಲ್ಟರ್ ಒಳಗೆ, ಅಂದರೆ ಶುದ್ಧ ಗಾಳಿಯ ಕಡೆ, ಸಡಿಲಾಗಬಹುದಾದ ಒಂದು ವಾಷರ್ ಕೂಡ ಇರಬಾರದು. ಬೋಲ್ಟ್ ತಲೆ ಒಳಗೆ, ಲಾಕ್ ನಟ್ ಹೊರಗೆ. ಅದು ಸಾಧ್ಯವಾಗದ ಕಡೆ ತಂತಿ ಕಟ್ಟಿ. 11,000 ಆರ್‌ಪಿಎಂನಲ್ಲಿ ಅದುರುವ ಎಂಜಿನ್ ಇದು. ಬಿದ್ದ ನಟ್ಟು ಸೀದಾ ವಾಲ್ವ್ ಮೇಲೆ ಬೀಳುತ್ತದೆ.

ಹಳೆಯ ಏರ್‌ಬಾಕ್ಸ್‌ಗೆ ಸೇರಿದ್ದ ಪೈಪುಗಳನ್ನು ಸುಮ್ನೆ ಬಿಟ್ಟುಬಿಡಬೇಡಿ. ಕ್ರ್ಯಾಂಕ್‌ಕೇಸ್ ಬ್ರೀದರ್ (ಎಂಜಿನ್ ಒಳಗಿನ ಆವಿ ಹೊರಬಿಡುವ ಪೈಪ್) ಎಣ್ಣೆ ಹಿಡಿಯುವ ಒಂದು ಕ್ಯಾಚ್ ಟ್ಯಾಂಕಿಗೆ ಹೋಗಲಿ, ಇಲ್ಲದಿದ್ದರೆ ತಿರುವಿನಲ್ಲಿ ಎಣ್ಣೆ ಚಿಮ್ಮಿ ಫಿಲ್ಟರ್ ನೆನೆಯುತ್ತದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲಿನ ಗಾಳಿ ಪೈಪಿನ ತುದಿಗೆ ಎದುರುಗಾಳಿ ಹೊಡೆಯಬಾರದು; ಫಿಲ್ಟರ್ ಬಳಿ ಇರುವ ಒತ್ತಡವೇ ಅಲ್ಲೂ ಇರಬೇಕು. ಫ್ಯುಯೆಲ್ ಇಂಜೆಕ್ಷನ್ ಎಂಜಿನ್‌ನಲ್ಲಿ ಗಾಳಿಯ ಬಿಸಿ ಅಳೆಯುವ ಸೆನ್ಸರ್ ಏರ್‌ಬಾಕ್ಸ್‌ನಲ್ಲಿತ್ತು. ಅದನ್ನು ಫಿಲ್ಟರ್ ಒಳಗೇ ಕೂರಿಸಿ. ಎಲ್ಲೋ ಬಿಸಿ ತಗಡಿಗೆ ಕಟ್ಟಿದರೆ ಎಂಜಿನ್ ನಡೆಸುವ ಕಂಪ್ಯೂಟರ್ ಇಸಿಯು ಗಾಳಿ ಬಿಸಿಯಿದೆ ಅಂದುಕೊಂಡು ಪೆಟ್ರೋಲ್ ಕಡಿಮೆ ಮಾಡುತ್ತದೆ, ಮಿಶ್ರಣ ತೆಳುವಾಗುತ್ತದೆ.

ಇಷ್ಟಾದ ಮೇಲೆ ಟ್ಯೂನಿಂಗ್. ಏರ್‌ಬಾಕ್ಸ್ ಹೋದ ಮೇಲೆ ಹಳೆಯ ಜೆಟ್, ಇಸಿಯುವಿನ ಹಳೆಯ ಮ್ಯಾಪ್ (ಪೆಟ್ರೋಲ್ ಲೆಕ್ಕದ ಪಟ್ಟಿ) ಸರಿಹೊಂದುತ್ತೆ ಅಂತ ನಂಬಬೇಡಿ. ಕಾರು ನಿಂತಲ್ಲೇ ಚಕ್ರ ಓಡಿಸಿ ಪವರ್ ಅಳೆಯುವ ರೋಲಿಂಗ್ ರೋಡ್ ಮೇಲೆ ಕೈಯಾಡಿಸಲು ಸುಲಭ ಅಂತ ಬಾನೆಟ್ ತೆಗೆದೇ ಟ್ಯೂನ್ ಮಾಡುವವರು ತುಂಬಾ ಜನ. ಕೊನೆಯ ಓಟವನ್ನಾದರೂ ಬಾನೆಟ್ ಮುಚ್ಚಿ ಮಾಡಿಸಿ, ಮುಂದೆ ಫ್ಯಾನ್ ಜೋರಾಗಿ ಬೀಸುತ್ತಿರಲಿ.

ಗಾಳಿ ತಡೆಯುತ್ತಿರೋದು ಫಿಲ್ಟರೋ ಬಾನೆಟ್ಟೋ ತಿಳಿಯಲು ದುಬಾರಿ ಮೀಟರ್ ಬೇಕಿಲ್ಲ. ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ ಅರ್ಧ ನೀರು ತುಂಬಿ. ಒಂದು ತುದಿ ಫಿಲ್ಟರ್ ಪ್ಲೇಟಿನ ಒಳಭಾಗಕ್ಕೆ, ಇನ್ನೊಂದು ತುದಿ ಹೊರಗಿನ ಗಾಳಿಗೆ. ಎಂಜಿನ್ ಕಡೆಯ ಪೈಪಿನಲ್ಲಿ ಒಂದು ಸಣ್ಣ ತೂತಿನ ಬಿರಡೆ ಇರಲಿ, ಇಲ್ಲದಿದ್ದರೆ ನೀರು ಕುಣಿಯುತ್ತದೆ. ರೋಲಿಂಗ್ ರೋಡ್ ಮೇಲೆ ಪೂರ್ತಿ ಥ್ರಾಟಲ್‌ನಲ್ಲಿ ಎರಡು ಕಡೆಯ ನೀರಿನ ಮಟ್ಟಕ್ಕೆ 100 ಮಿ.ಮೀ. ವ್ಯತ್ಯಾಸ ಬಂದರೆ ಹೆಚ್ಚುಕಡಿಮೆ ಶೇಕಡಾ 1ರಷ್ಟು ಒತ್ತಡ ಕಳೆದುಕೊಂಡಿರಿ. ಬಾನೆಟ್ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿ. ತೆಗೆದಾಗ ವ್ಯತ್ಯಾಸ ತುಂಬಾ ಇಳಿದರೆ ಬಾನೆಟ್‌ಗೆ ಗಾಳಿಯ ಕಿಂಡಿ ಸಾಲದು. ಎರಡೂ ಸಲ ಒಂದೇ ಇದ್ದು ಜಾಸ್ತಿಯೇ ಇದ್ದರೆ ಫಿಲ್ಟರ್ ಚಿಕ್ಕದಾಯಿತು. ಎರಡೂ ಸಲ ಕಡಿಮೆಯೇ ಇದ್ದು ಎಂಜಿನ್ ಇನ್ನೂ ಎಳೆಯದಿದ್ದರೆ ಫಿಲ್ಟರನ್ನು ಬಿಡಿ. ಒಳಗೆ ಬರುವ ಗಾಳಿಯ ಬಿಸಿಯನ್ನೂ ಮಿಶ್ರಣವನ್ನೂ ಅಳೆಯಿರಿ.