ಅರಳಿದ ಸೂರ್ಯಕಾಂತಿ ತಿರುಗುವುದಿಲ್ಲ

ಮಳೆ ಹಿಡಿದು ಐದನೆಯ ದಿನವೋ ಆರನೆಯ ದಿನವೋ ಇರಬೇಕು, ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಆ ಸಂದೇಶ ಮತ್ತೆ ಬಂತು. ‘ಸೂರ್ಯ ಕಾಣದ ದಿನ ಸೂರ್ಯಕಾಂತಿಗಳು ಏನು ಮಾಡುತ್ತವೆ ಗೊತ್ತೇ? ಒಂದರ ಮುಖವನ್ನು ಇನ್ನೊಂದು ನೋಡುತ್ತ ಶಕ್ತಿ ಹಂಚಿಕೊಳ್ಳುತ್ತವೆ.’ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಮಾತು ನಿಜವಾದರೆ ನಮ್ಮ ಉಡುಪಿ ಕಡೆಯ ಸೂರ್ಯಕಾಂತಿಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರೆ ಕೆಲಸವನ್ನೇ ಮಾಡಬಾರದು, ಮುಖ ಮುಖ ನೋಡಿಕೊಂಡೇ ಇರಬೇಕು. ಹಾಗೇನೂ ಇಲ್ಲ ಎಂದು ಬರೆದೆ. ‘ನಿನಗೆ ಎಲ್ಲದರಲ್ಲೂ ತರ್ಕ’ ಎಂಬ ಉತ್ತರ ಬಂತು. ಬಾಯಿಮಾತಿನಿಂದ ಆಗದು, ಬೆಳೆದೇ ತೋರಿಸಬೇಕು ಎಂದು ಅಂದೇ ತೀರ್ಮಾನಿಸಿದೆ.

ದೀಪಾವಳಿ ಕಳೆದು ಮಳೆ ಪೂರ್ತಿ ಬಿಟ್ಟ ಮೇಲೆ ತಾರಸಿಯಲ್ಲಿ ನಾಲ್ಕು ಚಟ್ಟಿ ಇಟ್ಟೆ. ಶಂಕರಪುರದ ಮಲ್ಲಿಗೆಯನ್ನೇ ತಾರಸಿಯ ಮೇಲೆ ಬೆಳೆಯುವ ಊರು ನಮ್ಮದು, ಚಟ್ಟಿ ತುಂಬುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಸುಡುಮಣ್ಣು, ಹಟ್ಟಿಗೊಬ್ಬರ, ತೆಂಗಿನ ನಾರಿನ ಹುಡಿ, ಕೆಳಗೆ ನೀರು ಬಸಿಯಲು ತೂತು, ಅಷ್ಟೇ. ಚಟ್ಟಿ ಹತ್ತು ಹನ್ನೆರಡು ಇಂಚು ಆಳವಿರಲಿ. ಸೂರ್ಯಕಾಂತಿಗೆ ತಾಯಿಬೇರು ಇದೆ, ಸಸಿ ಮಾಡಿ ಕಿತ್ತು ನೆಡುವುದನ್ನು ಅದು ಇಷ್ಟಪಡುವುದಿಲ್ಲ. ಆದ್ದರಿಂದ ಬೀಜವನ್ನು ನೇರವಾಗಿ ಚಟ್ಟಿಗೇ, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಊರಬೇಕು. ವಾರದೊಳಗೆ ಮೊಳಕೆ ಏಳುತ್ತದೆ. ತೆಂಗಿನ ನೆರಳು ಬೀಳದ ಕಡೆ ದಿನಕ್ಕೆ ಆರು ಗಂಟೆ ಬಿಸಿಲು ಸಿಕ್ಕಿದರೆ ಎರಡು ತಿಂಗಳೊಳಗೆ ಹೂವು. ನನ್ನ ನಾಲ್ಕರಲ್ಲಿ ಒಂದನ್ನು ಎಳೆಯದಾಗಿರುವಾಗಲೇ ಬಸವನಹುಳು ತಿಂದಿತು. ಉಳಿದದ್ದು ಮೂರು.

ತಿಂಗಳ ಹೊತ್ತಿಗೆ ಮೊಗ್ಗಿನ ಗುರುತು ಕಂಡಿತು. ಅಲ್ಲಿಂದ ನೋಡಬೇಕು. ಬೆಳಗ್ಗೆ ಆರೂವರೆಗೆ, ಸೂರ್ಯ ಇನ್ನೂ ತೆಂಗಿನ ಸಾಲಿನ ಹಿಂದೆ ಇರುವಾಗ, ಮೂರೂ ಗಿಡಗಳ ತುದಿ ಪೂರ್ವಕ್ಕೆ ವಾಲಿರುತ್ತಿತ್ತು. ಮಧ್ಯಾಹ್ನ ನೆಟ್ಟಗೆ. ಸಂಜೆ ಕಡಲಿನ ಕಡೆ, ಮಟ್ಟು ಕಡಲತೀರದಲ್ಲಿ ಸೂರ್ಯ ಮುಳುಗುವುದನ್ನು ನೋಡಲು ಬಂದವರಂತೆ. ಹಾಗಾದರೆ ಜನರು ಹೇಳುವುದು ಸರಿಯೇ ಅಲ್ಲವೇ? ಅರ್ಧ ಸರಿ. ತಿರುಗುತ್ತಿರುವುದು ಹೂವಲ್ಲ, ಹೂವು ಇನ್ನೂ ಅರಳಿಯೇ ಇಲ್ಲ. ತಿರುಗುತ್ತಿರುವುದು ಎಳೆಯ ಕಾಂಡ. ಅದು ತಿರುಗುವುದಾದರೂ ಹೇಗೆ? ನಮ್ಮ ಕತ್ತಿನಲ್ಲಿರುವಂತೆ ಕೀಲಿಲ್ಲ, ಸ್ನಾಯುವಿಲ್ಲ. ಅದಕ್ಕೆ ತಿಳಿದಿರುವುದು ಬೆಳೆಯುವುದು ಒಂದೇ. ಬೆಳೆಯುತ್ತಲೇ ಅದು ತಿರುಗುತ್ತದೆ.

ಕಂಬಳ ನೋಡಿದವರಿಗೆ ಇದನ್ನು ಹೇಳುವುದು ಸುಲಭ. ಜೋಡಿಯಲ್ಲಿ ಎಡದ ಕೋಣ ಒಂದು ಹೆಜ್ಜೆ ಮುಂದೆ ಹಾರಿದರೆ ಜೋಡಿ ಬಲಕ್ಕೆ ಹೊರಳುತ್ತದೆ. ದೋಣಿಯಲ್ಲಿ ಒಂದು ಬದಿಯ ಹುಟ್ಟನ್ನು ಜೋರಾಗಿ ಹಾಕಿದರೆ ಮೂತಿ ಇನ್ನೊಂದು ಬದಿಗೆ ಹೋಗುತ್ತದೆ. ಅಂಗಳದಲ್ಲಿ ಒಣಗಲು ಹಾಕಿದ ಹಪ್ಪಳವನ್ನೂ ನೆನಪಿಸಿಕೊಳ್ಳಿ: ಮೇಲಿನ ಮೈ ಬೇಗ ಒಣಗಿ ಕುಗ್ಗುತ್ತದೆ, ಕೆಳಗಿನದು ಹಾಗೇ ಇರುತ್ತದೆ, ಹಪ್ಪಳ ದೊನ್ನೆಯಾಗುತ್ತದೆ. ಸೂರ್ಯಕಾಂತಿಯ ಕಾಂಡದಲ್ಲಿ ಹಗಲು ಪೂರ್ವದ ಮೈ ಹೆಚ್ಚು ಉದ್ದವಾಗುತ್ತದೆ, ತುದಿ ಪಶ್ಚಿಮಕ್ಕೆ ಬಾಗುತ್ತದೆ. ರಾತ್ರಿ ಪಶ್ಚಿಮದ ಮೈಯ ಸರದಿ, ಬೆಳಗಾಗುವುದರೊಳಗೆ ತುದಿ ಪೂರ್ವಕ್ಕೆ ಬಂದಿರುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಮಗಳ ಸ್ಕೆಚ್ ಪೆನ್ನಿನಿಂದ ಒಂದು ಗಿಡದ ಮೇಲಿನ ಕಾಂಡಕ್ಕೆ ಪೂರ್ವದಲ್ಲೊಂದು, ಪಶ್ಚಿಮದಲ್ಲೊಂದು ಸಾಲು ಚುಕ್ಕೆ ಇಟ್ಟೆ, ಒಂದೊಂದು ಸೆಂಟಿಮೀಟರ್ ಅಂತರದಲ್ಲಿ. ಸಂಜೆ ಸ್ಕೇಲ್ ಹಿಡಿದಾಗ ಪೂರ್ವದ ಮೇಲಿನ ಎರಡು ಚುಕ್ಕೆಗಳ ನಡುವೆ 11 ಮಿಲಿಮೀಟರ್, ಪಶ್ಚಿಮದಲ್ಲಿ 10ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಮರುದಿನ ಬೆಳಗ್ಗೆ ಎರಡೂ ಹೆಚ್ಚುಕಡಿಮೆ ಸಮ. ಒಂದೇ ಒಂದು ಮಿಲಿಮೀಟರಿನ ವ್ಯತ್ಯಾಸ! ಅಷ್ಟರಲ್ಲೇ ಇಡೀ ತಲೆ ದಿಕ್ಕು ಬದಲಿಸುತ್ತದೆ.

ಈ ಚುಕ್ಕೆಯ ಉಪಾಯ ನನ್ನದಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸ್ಟೇಸಿ ಹಾರ್ಮರ್ ಮತ್ತು ಅವರ ತಂಡದವರು ಹೀಗೆ ಶಾಯಿ ಗುರುತು ಹಾಕಿ ಅಳೆದು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಇನ್ನೊಂದು ಚಂದದ ಕೆಲಸವನ್ನೂ ಮಾಡಿದರು. ಹೊಲದ ಗಿಡಗಳನ್ನು ಕೋಣೆಯೊಳಗೆ ತಂದು, ತಲೆಯ ಮೇಲೆ ಅಲುಗಾಡದ ಒಂದು ದೀಪ ಕಟ್ಟಿದರು. ಹಿಂಬಾಲಿಸಲು ಸೂರ್ಯನೇ ಇಲ್ಲ. ಆದರೂ ಗಿಡಗಳು ಕೆಲವು ದಿನ ಹಳೆಯ ಲೆಕ್ಕದಲ್ಲೇ ಪೂರ್ವ ಪಶ್ಚಿಮ ತೂಗಾಡಿದವು. ಅಂದರೆ ಒಳಗೊಂದು ಗಡಿಯಾರವಿದೆ. ಮಲ್ಪೆ ಬಂದರಿನಲ್ಲಿ ದೋಣಿ ಕಾಣುವ ಮೊದಲೇ ಬುಟ್ಟಿ ಹಿಡಿದು ನಿಲ್ಲುವ ಹೆಂಗಸರನ್ನು ನೋಡಿದ್ದೀರಲ್ಲ, ಹಾಗೆ. ದೋಣಿಯನ್ನು ನೋಡಿ ಬಂದವರಲ್ಲ, ಹೊತ್ತನ್ನು ತಿಳಿದು ಬಂದವರು. ಕೃತಕ ಬೆಳಕಿನಿಂದ 30 ಗಂಟೆಗಳ ‘ದಿನ’ ಮಾಡಿ ಕೊಟ್ಟಾಗ ಗಿಡಗಳ ತಾಳ ತಪ್ಪಿತು. ಮೋಡದ ದಿನ ಗಿಡ ಯಾರ ಮುಖವನ್ನೂ ಹುಡುಕುವುದಿಲ್ಲ ಎಂದು ನಾನು ಗುಂಪಿನಲ್ಲಿ ವಾದಿಸಿದ್ದು ಇದರ ಬಲದಿಂದ.

ತಪ್ಪು ತಿಳಿವಳಿಕೆ ನಮ್ಮದೊಂದೇ ಅಲ್ಲ. ಸೂರ್ಯಕಾಂತಿಯ ತವರು ಉತ್ತರ ಅಮೆರಿಕ. ಅಲ್ಲಿಯ ಮೂಲನಿವಾಸಿಗಳು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಅದನ್ನು ಪಳಗಿಸಿದ್ದರು. 16ನೇ ಶತಮಾನದಲ್ಲಿ ಅದು ಯುರೋಪಿಗೆ ಬಂದದ್ದೇ ತಡ, ಸೂರ್ಯನ ಹಿಂದೆ ತಿರುಗುವ ಹೂವೆಂಬ ಪುಕಾರು ಎದ್ದಿತು. 17ನೇ ಶತಮಾನದಲ್ಲಿ ಅಥನೇಸಿಯಸ್ ಕಿರ್ಚರ್ ಎಂಬ ಜೆಸ್ಯುಯಿಟ್ ಪಾದ್ರಿ, ಬೆಂಡಿಗೆ ಸೂರ್ಯಕಾಂತಿ ಸಿಕ್ಕಿಸಿ ನೀರಿನಲ್ಲಿ ತೇಲಿಬಿಟ್ಟರೆ ಅದು ಗಂಟೆ ತೋರಿಸುತ್ತದೆ ಎಂದು ದೊಡ್ಡ ದೊಡ್ಡವರನ್ನೆಲ್ಲ ನಂಬಿಸಲು ಹೊರಟ. ಅವನಿಗಿಂತ ಮೊದಲೇ, 1597ರಲ್ಲಿ, ಇಂಗ್ಲೆಂಡಿನ ಗಿಡಮೂಲಿಕೆ ಪಂಡಿತ ಜಾನ್ ಜೆರಾರ್ಡ್ ಮಾತ್ರ ನೇರವಾಗಿ ಬರೆದಿದ್ದ: ತಿರುಗುತ್ತದೆ ಎನ್ನುತ್ತಾರೆ, ನಿಜವೇ ಎಂದು ನೋಡಲು ಪ್ರಯತ್ನಪಟ್ಟೆ, ನನಗೆ ಎಂದೂ ಕಾಣಲಿಲ್ಲ. ಬಹುಶಃ ಅವನು ನೋಡಿದ್ದು ಅರಳಿದ ಹೂವನ್ನು. ನನಗಂತೂ ಈ ಮನುಷ್ಯನ ಮೇಲೆ ಬಹಳ ಪ್ರೀತಿ.

ನಮ್ಮ ಕಾವ್ಯದಲ್ಲಿ ರವಿಗೆ ಒಲಿದದ್ದು ತಾವರೆ. ಸೂರ್ಯಕಾಂತಿ ಇಲ್ಲಿ ಎಣ್ಣೆಬೆಳೆಯಾಗಿ ಕಾಲಿಟ್ಟದ್ದೇ 1969ರ ಸುಮಾರಿಗೆ, ರಷ್ಯಾದ ತಳಿಗಳೊಂದಿಗೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1980ರಲ್ಲಿ ಬಿಎಸ್‌ಎಚ್‌–1 ಎಂಬ ಹೈಬ್ರಿಡ್ ಬಿಡುಗಡೆ ಮಾಡಿತು. ರಾಯಚೂರು, ಕೊಪ್ಪಳ, ಗದಗದ ಹೊಲಗಳಲ್ಲಿ ಆಳೆತ್ತರಕ್ಕೆ ನಿಲ್ಲುವುದು ಇಂಥ ಎಣ್ಣೆಯ ಜಾತಿ. ಗಿಳಿಗೆ ಹಾಕುವ ಬೀಜವೂ ಎತ್ತರದ ಜಾತಿಯದೇ, ಚಟ್ಟಿಗೆ ಒಪ್ಪುವ ಗಿಡ್ಡ ಜಾತಿಯದಲ್ಲ; ಅದನ್ನು ಚಟ್ಟಿಯಲ್ಲಿ ಊರಿ ‘ಗಿಡ್ಡ ಆಗಲೇ ಇಲ್ಲ’ ಎನ್ನುವವರಿಗೆ ಇಷ್ಟು ಹೇಳಿದರೆ ಸಾಕು.

ಗಿಡ್ಡತನದ ಒಳಗುಟ್ಟು ಬೇರೊಂದು ಕಥೆ, ಅದು ಶುರುವಾಗುವುದು ಭತ್ತದ ಗದ್ದೆಯಲ್ಲಿ. ಜಪಾನಿನ ರೈತರು ‘ಬಕನೆ’ ಎಂದು ಕರೆಯುವ ರೋಗವೊಂದಿದೆ, ಪೆದ್ದು ಸಸಿ ಎಂದರ್ಥ. ಹಿಡಿದ ಸಸಿ ಬಡಕಲಾಗಿ ಉದ್ದಕ್ಕೆ ಬೆಳೆದು ಬಿದ್ದೇಹೋಗುತ್ತದೆ. 1926ರಲ್ಲಿ ಎಇಚಿ ಕುರೊಸಾವಾ ಅದಕ್ಕೆ ಕಾರಣ ಒಂದು ಶಿಲೀಂಧ್ರ ಸುರಿಸುವ ರಸ ಎಂದು ತೋರಿಸಿದರು. ಆ ಶಿಲೀಂಧ್ರದ ಹೆಸರಿನಿಂದಲೇ ರಸಕ್ಕೆ ಜಿಬ್ಬರೆಲಿನ್ ಎಂಬ ಹೆಸರು ಬಂತು. ಮುಂದೆ ತಿಳಿದದ್ದು, ಗಿಡಗಳು ತಾವೇ ಅದನ್ನು ತಯಾರಿಸಿಕೊಳ್ಳುತ್ತವೆ, ಕಾಂಡ ಉದ್ದವಾಗುವುದೇ ಅದರಿಂದ. ಅದು ಕಡಿಮೆಯಾದರೆ ಗಿಡ ಗಿಡ್ಡ. 1966ರಲ್ಲಿ ಬಂದ ಐಆರ್‌–8 ಭತ್ತ ಸೊಂಟದೆತ್ತರದಲ್ಲೇ ಗಟ್ಟಿಯಾಗಿ ನಿಂತದ್ದು ಈ ಕೊರತೆಯ ಕೃಪೆ. ಮಾವಿಗೆ ಹಾಕುವ ಕಲ್ಟಾರ್ ಎಂಬ ರಾಸಾಯನಿಕ ಕೂಡ ಜಿಬ್ಬರೆಲಿನ್ ತಯಾರಿಯನ್ನೇ ತಡೆಯುತ್ತದೆ. ನರ್ಸರಿಯವರು ಹೂಗಿಡಗಳನ್ನು ಮೋಟಾಗಿಡಲು ಇಂಥದ್ದನ್ನೇ ಬಳಸುವುದುಂಟು. ಹಾಗೆ ಮೋಟಾದ ಗಿಡದ ಬೀಜ ತೆಗೆದು ಊರಿದರೆ ಮರುವರ್ಷ ಅದು ತನ್ನ ನಿಜರೂಪ ತೋರಿಸುತ್ತದೆ. ಹೈಬ್ರಿಡ್ ಆಗಿದ್ದರಂತೂ ಬೀಜ ತೆಗೆದಿಡುವುದೇ ದಂಡ.

ಎರಡೂ ಕಥೆ ಕೂಡುವುದು ಇಲ್ಲಿ. ಹಾರ್ಮರ್ ತಂಡದವರು ಜಿಬ್ಬರೆಲಿನ್ ಕೊರತೆಯ ಕುಳ್ಳ ಸೂರ್ಯಕಾಂತಿಗಳನ್ನೂ ಪರೀಕ್ಷಿಸಿದ್ದರು. ಕಾಂಡ ಬೆಳೆಯದ ಅವು ಸರಿಯಾಗಿ ತಿರುಗಲಿಲ್ಲ. ಜಿಬ್ಬರೆಲಿನ್ ಕೊಟ್ಟಾಗ ಬೆಳೆದವು, ತಿರುಗಿದವು. ಅದರ ಪ್ರಭಾವ ಇಳಿದಂತೆ ತಿರುಗುವುದೂ ಇಳಿಯಿತು. ನನ್ನ ತಾರಸಿಯವು ಅಷ್ಟು ಕುಳ್ಳಲ್ಲ, ಎರಡಡಿ ಬೆಳೆದವು, ಎರಡಡಿಯ ಮಟ್ಟಿಗೆ ತಿರುಗಿದವು. ಮೊಗ್ಗು ಬಿರಿಯುತ್ತ ಬಂದಂತೆ ತೂಗಾಟ ದಿನದಿನಕ್ಕೆ ಕಿರಿದಾಯಿತು. ಹೊಸ ವರ್ಷ ಬಂದ ವಾರದಲ್ಲಿ ಪೂರ್ತಿ ಅರಳಿದಾಗ ಮೂರೂ ಪೂರ್ವಕ್ಕೆ, ಚಳಿಗಾಲವಾದ್ದರಿಂದ ಸ್ವಲ್ಪ ಆಗ್ನೇಯಕ್ಕೆ, ಮುಖಮಾಡಿ ನಿಂತುಬಿಟ್ಟವು. ಆಗ್ನೇಯ ಅಡುಗೆಮನೆಯ ಮೂಲೆ ಎಂದು ವಾಸ್ತುವಿನವರು ತಕರಾರು ತೆಗೆಯಬಹುದು, ತೆಗೆಯಲಿ.

ನಮ್ಮ ಮನೆಯ ಮುಖ ಕಡಲಿಗೆ, ತಾರಸಿಯ ಚಪ್ಪರವೂ ಆ ಬದಿಗೇ, ಚಟ್ಟಿಗಳು ಅದರ ಪೂರ್ವಕ್ಕೆ. ಹಾಗಾಗಿ ತಾರಸಿಯ ಚಪ್ಪರದಡಿ ಕುರ್ಚಿ ಹಾಕಿ ಕುಳಿತರೆ ಕಾಣುವುದು ಮೂರು ಹಸಿರು ಬೆನ್ನು. ದೊಡ್ಡಮ್ಮ ಬಂದವರೇ ಕೇಳಿದರು, ‘ಇದೆಂತ ಮಾರಾಯ, ಇಷ್ಟು ನೀರು ಹಾಕಿದ ನಿನಗೇ ಬೆನ್ನು ತೋರಿಸುವುದಾ?’

ಚಟ್ಟಿಯ ಲಾಭವೇ ಇದು. ಒಂದನ್ನು ಎತ್ತಿ ಅರ್ಧ ಸುತ್ತು ತಿರುಗಿಸಿ, ನಮ್ಮ ಕಡೆ ಮುಖ ಮಾಡಿ ಇಟ್ಟೆ. ನಾಳೆ ಅದು ಪುನಃ ಸೂರ್ಯನ ಕಡೆ ಹೋಗುತ್ತದೆ ಎಂದು ದೊಡ್ಡಮ್ಮ ಪಣ ಕಟ್ಟಿದರು. ಬೆಳಗಾಯಿತು. ಹೂವು ಇದ್ದಲ್ಲೇ ಇತ್ತು. ಬೆಳೆತ ಮುಗಿದ ಕಾಂಡಕ್ಕೆ ತಿರುಗಲು ದಾರಿಯೇ ಇಲ್ಲ.

ಆದರೆ ಅದಕ್ಕೊಂದು ನಷ್ಟವಾಗಿತ್ತು. ಪೂರ್ವಕ್ಕೆ ನೋಡುವ ಹೂವು ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುತ್ತದೆ, ಜೇನಿಗೆ ಬೆಚ್ಚನೆಯ ಹೂವು ಬೇಕು. 2016ರ ಆ ಅಧ್ಯಯನದಲ್ಲಿ ಪಶ್ಚಿಮಕ್ಕೆ ತಿರುಗಿಸಿದ ಹೂವಿಗಿಂತ ಪೂರ್ವದ್ದಕ್ಕೆ ಬೆಳಗಿನ ಹೊತ್ತು ಐದು ಪಟ್ಟು ಹೆಚ್ಚು ಕೀಟಗಳು ಬಂದಿದ್ದವು. ಪಶ್ಚಿಮದ ಹೂವನ್ನು ಹೀಟರ್ ಇಟ್ಟು ಬೆಚ್ಚಗೆ ಮಾಡಿದಾಗ ಅಲ್ಲಿಯೂ ಹೆಚ್ಚು ಬಂದವು. ನಮ್ಮಲ್ಲಿ ಎಂಟೂವರೆಗೆ ಆಚೆಯ ಎರಡು ಹೂಗಳ ಮೇಲೆ ತುಡುವೆ ಜೇನುಗಳು, ಗೋಡೆಯ ಬಿರುಕಿನಲ್ಲಿ ಗೂಡು ಕಟ್ಟಿರುವ ಮುಜಂಟಿ ಎಂಬ ಪುಟ್ಟ ಜೇನುಗಳು ಗಿಜಿಗುಡುತ್ತಿದ್ದವು. ನಮ್ಮ ಕಡೆ ನೋಡುತ್ತಿದ್ದ ಹೂವಿನ ಮೇಲೆ ಒಂದು ಇರುವೆ ಮಾತ್ರ.

‘ಪುನಃ ತಿರುಗಿಸಲೇ?’ ಎಂದು ಕೇಳಿದೆ.

ದೊಡ್ಡಮ್ಮ ಚಹಾದ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ನೋಡಿದರು. ‘ಬೇಡ, ಅವಕ್ಕೆ ಆ ಎರಡು ಇದೆಯಲ್ಲ. ಇದು ನಮಗಿರಲಿ’ ಎಂದರು.