ಜೀವಕೋಶದ ಪಾಠ: ಕೋಶಭಿತ್ತಿಯಿಂದ ಶುರು ಮಾಡೋಣ

ಪ್ರಥಮ ಪಿಯುಸಿ ಬಯಾಲಜಿಯಲ್ಲಿ ಪ್ರಾಣಿಕೋಶ, ಸಸ್ಯಕೋಶ, ಬ್ಯಾಕ್ಟೀರಿಯಾ ಅಂತ ಮೂರು ಕಾಲಂ ಹಾಕಿ, ಯಾವುದರಲ್ಲಿ ಏನಿದೆ ಏನಿಲ್ಲ ಎಂದು ಬಾಯಿಪಾಠ ಮಾಡುವವರೇ ಜಾಸ್ತಿ. ಪರೀಕ್ಷೆ ಹೊತ್ತಿಗೆ ಎಲ್ಲಾ ಕಲಸಿಹೋಗುತ್ತದೆ. ಈ ಭಾಗ ಇಲ್ಲದಿದ್ದರೆ ಆ ಕೋಶದ ಗತಿ ಏನು ಎಂದು ಕೇಳಿಕೊಂಡು ಓದಿ ನೋಡಿ. ನಾನು ಕೋಶಭಿತ್ತಿಯಿಂದ ಶುರು ಮಾಡುತ್ತೇನೆ. ಅದು ಸರಿಯಾಗಿ ಅರ್ಥವಾದರೆ ಅರ್ಧ ಪಾಠ ಮುಗಿದ ಹಾಗೆ.

ಸಾಮಾನ್ಯವಾಗಿ ಮೂರರಲ್ಲೂ ಇರುವುದು ಕೋಶಪೊರೆ, ಕೋಶರಸ, ಡಿಎನ್‌ಎ, ಪ್ರೋಟೀನ್ ಕಟ್ಟುವ ರೈಬೋಸೋಮ್. ಭಿತ್ತಿ ಮಾತ್ರ ಸಸ್ಯಕ್ಕೂ ಬ್ಯಾಕ್ಟೀರಿಯಾಕ್ಕೂ ಇದೆ, ನಮಗಿಲ್ಲ. ಸಸ್ಯದ ಭಿತ್ತಿ ಮುಖ್ಯವಾಗಿ ಸೆಲ್ಯುಲೋಸ್‌ನದ್ದು, ಬ್ಯಾಕ್ಟೀರಿಯಾದ್ದು ಪೆಪ್ಟಿಡೋಗ್ಲೈಕಾನ್. ಈ ಎರಡು ಹೆಸರು ಅದಲುಬದಲು ಮಾಡಬೇಡಿ, ಮುಂದೆ ಬೇಕಾಗುತ್ತದೆ.

ಭಿತ್ತಿಯ ಕೆಲಸ ನೀರಿನ ಒತ್ತಡ ತಡೆಯುವುದು. ಕೋಶದ ಹೊರಗೆ ಬರೀ ನೀರಿದ್ದರೆ ಅದು ಪೊರೆ ದಾಟಿ ಒಳಗೆ ನುಗ್ಗುತ್ತದೆ, ಯಾಕಂದ್ರೆ ಒಳಗೆ ಲವಣ, ಸಕ್ಕರೆ ಎಲ್ಲಾ ಕರಗಿಕೊಂಡಿರುತ್ತದೆ. ಸಸ್ಯಕೋಶ ಉಬ್ಬಿ ಬಿಗಿಯಾಗಿ ನಿಲ್ಲುತ್ತದೆ. ನಮ್ಮ ಕೆಂಪು ರಕ್ತಕಣವನ್ನು ಬರೀ ನೀರಿಗೆ ಹಾಕಿದರೆ ಒಡೆದೇ ಹೋಗುತ್ತದೆ. ಆಸ್ಪತ್ರೆಯ ಡ್ರಿಪ್ಸ್ ಬಾಟಲಿಯಲ್ಲಿ ಶೇ 0.9 ಉಪ್ಪು ಇರುವುದು ಇದಕ್ಕೇ.

ಇನ್ನು ಉಲ್ಟಾ ನೋಡಿ. ಮಾವಿನ ಮಿಡಿಯನ್ನು ಉಪ್ಪಿಗೆ ಹಾಕಿಟ್ಟರೆ, ಭರಣಿಗೆ ಹನಿ ನೀರು ಸೇರಿಸದಿದ್ದರೂ ಅದು ತನ್ನದೇ ನೀರು ಬಿಟ್ಟು ಸುಕ್ಕಾಗುತ್ತದೆ, ಅಲ್ವಾ? ಕೋಶದೊಳಗಿನ ನೀರು ಹೊರಗಿನ ಉಪ್ಪಿನ ಕಡೆ ಹೋಯಿತು. ಲ್ಯಾಬ್‌ನಲ್ಲಿ ರಿಯೋ ಎಂಬ ಗಿಡದ ಎಲೆಯ ನೇರಳೆ ಸಿಪ್ಪೆಗೆ ಉಪ್ಪುನೀರು ಹಾಕಿ ನೋಡುವುದೂ ಇದನ್ನೇ: ಭಿತ್ತಿ ಇದ್ದಲ್ಲೇ ಇರುತ್ತದೆ, ಪೊರೆ ಅದರಿಂದ ಬಿಟ್ಟುಕೊಂಡು ಒಳಗೆ ಮುದುಡುತ್ತದೆ. ಹೆಸರು ಪ್ಲಾಸ್ಮೋಲಿಸಿಸ್. ಭರಣಿಯೊಳಗಿನ ಹೆಚ್ಚಿನ ಬ್ಯಾಕ್ಟೀರಿಯಾಗಳ ನೀರನ್ನೂ ಉಪ್ಪು ಹೀಗೇ ಎಳೆದುಕೊಳ್ಳುತ್ತದೆ, ಅದಕ್ಕೇ ಮಿಡಿ ಕೆಡುವುದಿಲ್ಲ. ಉಪ್ಪು ತಡೆದುಕೊಳ್ಳುವ ಕೆಲವು ಜಾತಿಗಳು ಬದುಕುತ್ತವೆ, ಅದು ಬೇರೆ ಮಾತು.

ಸಸ್ಯದಲ್ಲಿ ಭಿತ್ತಿ ಇಲ್ಲದ ಜಾಗವೂ ಉಂಟು. ಬೊಂಡದ (ಎಳನೀರಿನ ಕಾಯಿ) ನೀರಿನಲ್ಲಿ ಕೋಶಕೇಂದ್ರಗಳು (ಡಿಎನ್‌ಎ ಇರುವ, ಪೊರೆ ಸುತ್ತಿದ ಭಾಗ) ಸುಮ್ನೆ ತೇಲುತ್ತಿರುತ್ತವೆ, ಅವುಗಳ ನಡುವೆ ಭಿತ್ತಿ ಇನ್ನೂ ಕಟ್ಟಿರುವುದಿಲ್ಲ. ಭಿತ್ತಿ ಕಟ್ಟಿ ಕೋಶಗಳಾದದ್ದು ಒಳಗಿನ ಬಿಳಿ ತಿರುಳು. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಸಂಗತಿ ಇದು.

ಈಗ ಪೆನ್ಸಿಲಿನ್. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡುಹಿಡಿದದ್ದು. ಬೆಳೆಯುತ್ತಿರುವ ಬ್ಯಾಕ್ಟೀರಿಯಾ ಪೆಪ್ಟಿಡೋಗ್ಲೈಕಾನ್ ಕಟ್ಟಲು ಅದು ಬಿಡುವುದಿಲ್ಲ. ಭಿತ್ತಿ ದುರ್ಬಲವಾಗುತ್ತದೆ, ನೀರು ನುಗ್ಗುತ್ತದೆ, ಬ್ಯಾಕ್ಟೀರಿಯಾ ಒಡೆಯುತ್ತದೆ. ನಮ್ಮ ಕೋಶಕ್ಕೆ ಆ ಭಿತ್ತಿಯೇ ಇಲ್ಲದ್ದರಿಂದ ಅದಕ್ಕೆ ಪೆಟ್ಟಿಲ್ಲ. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೆ ಭಿತ್ತಿ ಇಲ್ಲ, ಅದರ ಮೇಲೆ ಪೆನ್ಸಿಲಿನ್ ನಡೆಯುವುದೂ ಇಲ್ಲ.

ಎರಡನೇ ದೊಡ್ಡ ವ್ಯತ್ಯಾಸ ಕೋಶಕೇಂದ್ರ. ಬ್ಯಾಕ್ಟೀರಿಯಾದ ಡಿಎನ್‌ಎ ಪೊರೆಯಿಲ್ಲದೆ ಕೋಶರಸದಲ್ಲೇ ಇರುತ್ತದೆ, ಆ ಜಾಗಕ್ಕೆ ನ್ಯೂಕ್ಲಿಯಾಯ್ಡ್ ಅನ್ನುತ್ತಾರೆ. ಅದರ ರೈಬೋಸೋಮ್ 70ಎಸ್, ನಮ್ಮದೂ ಸಸ್ಯದ್ದೂ 80ಎಸ್. 70ಎಸ್‌ನ ಎರಡು ತುಂಡುಗಳು 50ಎಸ್ ಮತ್ತು 30ಎಸ್; ಅವು ಸೇರಿ 80 ಆಗದೆ 70 ಹೇಗಾಯಿತು ಎಂದು ಗಾಬರಿ ಬೇಡ. ಎಸ್ ತೂಕದ ಲೆಕ್ಕ ಅಲ್ಲ, ಗರಗರ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಳಕ್ಕಿಳಿಯುವ ವೇಗದ್ದು, ಹಾಗಾಗಿ ಕೂಡಿಸಿದರೆ ಸರಿಹೊಂದುವುದಿಲ್ಲ.

ಮೈಟೊಕಾಂಡ್ರಿಯಾ ಪ್ರಾಣಿ, ಸಸ್ಯ ಎರಡರಲ್ಲೂ ಇದೆ. ಸಸ್ಯಕ್ಕೆ ಕ್ಲೋರೋಪ್ಲಾಸ್ಟ್ ಇದೆ ಅಂತ ಮೈಟೊಕಾಂಡ್ರಿಯಾ ಬೇಡ ಎಂದು ಬರೆದರೆ ಅಂಕ ಹೋಯಿತು. ಕ್ಲೋರೋಪ್ಲಾಸ್ಟ್ ಸಕ್ಕರೆ ಮಾಡುತ್ತದೆ, ಆ ಸಕ್ಕರೆಯಿಂದ ಎಟಿಪಿ (ಕೋಶ ಬಳಸುವ ಶಕ್ತಿಯ ರೂಪ) ತೆಗೆಯುವುದಕ್ಕೆ ಮೈಟೊಕಾಂಡ್ರಿಯಾ ಬೇಕೇ ಬೇಕು. ಎರಡರಲ್ಲೂ ಸ್ವಂತ ಡಿಎನ್‌ಎ ಇದೆ, ಬ್ಯಾಕ್ಟೀರಿಯಾ ತರಹದ ರೈಬೋಸೋಮ್ ಇದೆ. ಹಿಂದೊಂದು ಕಾಲದಲ್ಲಿ ಇವು ಬೇರೆ ಕೋಶದೊಳಗೆ ಸೇರಿ ಉಳಿದ ಬ್ಯಾಕ್ಟೀರಿಯಾಗಳು ಎಂದು 1967ರಲ್ಲಿ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ವಾದಿಸಿದರು, ಈಗ ಅದು ಒಪ್ಪಿತ ವಿಷಯ. ಉಳಿದಂತೆ ಸಸ್ಯಕ್ಕೆ ದೊಡ್ಡ ರಸದಾನಿ, ಪ್ರಾಣಿಗೆ ಕೋಶ ವಿಭಜನೆಗೆ ನೆರವಾಗುವ ಸೆಂಟ್ರಿಯೋಲ್, ಎರಡಕ್ಕೂ ಪ್ರೋಟೀನ್ ವಿಂಗಡಿಸಿ ಕಳಿಸುವ ಗಾಲ್ಗಿ. ಇವಕ್ಕೆ ಚಿತ್ರ ಬಿಡಿಸಿ ಅಭ್ಯಾಸ ಮಾಡಿದರೆ ಸಾಕು.

ಮಂಗಳೂರು, ಉಡುಪಿಯ ಮಳೆಗಾಲದ ಜ್ವರಗಳನ್ನು ಇಟ್ಟುಕೊಂಡು ಇದನ್ನೆಲ್ಲಾ ಒಮ್ಮೆ ಪರೀಕ್ಷೆ ಮಾಡಿ. ಇಲಿಜ್ವರ ಬ್ಯಾಕ್ಟೀರಿಯಾದ್ದು: ಪೆನ್ಸಿಲಿನ್ ಅದರ ಭಿತ್ತಿಗೆ, ಡಾಕ್ಸಿಸೈಕ್ಲಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಅದರ ರೈಬೋಸೋಮಿಗೆ ತಾಗುತ್ತದೆ. ಡೆಂಗಿ ವೈರಸ್ಸಿನದ್ದು, ಅದಕ್ಕೆ ಭಿತ್ತಿಯೂ ಇಲ್ಲ, ರೈಬೋಸೋಮೂ ಇಲ್ಲ, ಹಾಗಾಗಿ ಆಂಟಿಬಯಾಟಿಕ್‌ಗೆ ಅಲ್ಲಿ ಕೆಲಸವಿಲ್ಲ. ಮಲೇರಿಯಾದ ಪ್ಲಾಸ್ಮೋಡಿಯಂ ನಮ್ಮ ಹಾಗೆ ಕೋಶಕೇಂದ್ರ ಇರುವ ಕೋಶ. ಆದರೂ ಡಾಕ್ಸಿಸೈಕ್ಲಿನ್ ಅದರ ಮೇಲೆ ಕೆಲಸ ಮಾಡುತ್ತದೆ! ಪ್ಲಾಸ್ಮೋಡಿಯಂ ಒಳಗೆ ಎಪಿಕೋಪ್ಲಾಸ್ಟ್ ಅಂತ ಕ್ಲೋರೋಪ್ಲಾಸ್ಟ್‌ನ ದೂರದ ಸಂಬಂಧಿಯೊಂದಿದೆ, ಅದರಲ್ಲಿರುವುದು ಬ್ಯಾಕ್ಟೀರಿಯಾ ಜಾತಿಯ ರೈಬೋಸೋಮ್.